ಆರು ವೋಲ್ಟ್ ಕಾರಿಗೆ ಎಸಿ: ಮೂಲ ವೈರಿಂಗ್ ಮುಟ್ಟದೆ ಕೂರಿಸುವ ಕ್ರಮ

1955ರ ತನಕದ ಪ್ಲಿಮತ್, ಡಾಜ್, ಡಿಸೋಟೊ ಕಾರುಗಳಿಗೆ ಎಸಿ ಹಾಕಿಸಬೇಕು ಎಂದರೆ ಗ್ಯಾರೇಜಿನಲ್ಲಿ ಮೊದಲು ಬರುವ ಸಲಹೆ ‘ಪೂರ್ತಿ 12 ವೋಲ್ಟ್ ಮಾಡಿಬಿಡಿ ಸಾರ್’ ಎಂಬುದೇ. ಹಾಗೆ ಮಾಡಿದರೆ ಬಲ್ಬು, ಕಾಯಿಲ್, ಹಾರ್ನ್, ಪೆಟ್ರೋಲ್ ಮೀಟರ್, ರೇಡಿಯೋ, ವೈಪರ್ ಮೋಟಾರ್ ಎಲ್ಲವನ್ನೂ ಬದಲಿಸಬೇಕು, ಇಲ್ಲವೇ ವೋಲ್ಟೇಜ್ ಇಳಿಸಿಕೊಡಬೇಕು. ಸೆಲ್ಫ್ ಮೋಟಾರಿಗೆ ದುಪ್ಪಟ್ಟು ಹೊಡೆತ. ಎಸಿಗಾಗಿ ಇಷ್ಟೆಲ್ಲ ಬೇಕಾಗಿಲ್ಲ. ಎಸಿಗೆ ಅದರದ್ದೇ ಆಲ್ಟರ್ನೇಟರ್, ಅದರದ್ದೇ ಬ್ಯಾಟರಿ ಕೊಟ್ಟು, ಕಾರಿನ 6 ವೋಲ್ಟ್ ವೈರಿಂಗನ್ನು ಇದ್ದ ಹಾಗೇ ಬಿಡಬಹುದು. ಈ ಲೇಖನ ಆ ದಾರಿಯದು.

ಉದಾಹರಣೆಗೆ 1950ರ ಆಸುಪಾಸಿನ ಪ್ಲಿಮತ್ ಅಥವಾ ಡಾಜ್ ಕಿಂಗ್ಸ್‌ವೇಯನ್ನು ತೆಗೆದುಕೊಂಡಿದ್ದೇವೆ. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಜೋಡಿಸಿದ ಈ ಬಗೆಯ ಕಾರುಗಳು ನಮ್ಮ ಕಡೆ ಇನ್ನೂ ಓಡಾಡುತ್ತಿವೆ. ಆರು ಸಿಲಿಂಡರಿನ ಸೈಡ್ ವಾಲ್ವ್ ಎಂಜಿನ್, ಸುಮಾರು 3.6 ಲೀಟರ್, 97 ಅಶ್ವಶಕ್ತಿ. 6 ವೋಲ್ಟ್, ಅದರಲ್ಲೂ ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪಾಸಿಟಿವ್ ಕಂಬ ಬಾಡಿಗೆ ಹೋಗಿರುತ್ತದೆ. ಅದೇ ಕಾಲದ ಫೋರ್ಡ್ ಕೂಡ ಪಾಸಿಟಿವ್ ಅರ್ತ್. ಷೆವರ್ಲೆ ಮಾತ್ರ 6 ವೋಲ್ಟ್ ಇದ್ದರೂ ನೆಗೆಟಿವ್ ಅರ್ತ್. ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ಯಾವ ಕಂಬ ಬಾಡಿಗೆ ಹೋಗಿದೆ ಎಂದು ಕಣ್ಣಾರೆ ನೋಡಿ. ಹಿಂದಿನ ಮಾಲೀಕರು ಅದಲು ಬದಲು ಮಾಡಿರುವುದು ಅಪರೂಪವೇನಲ್ಲ.

ಇನ್ನೊಂದು ಕಾರಣವೂ ಇದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ‘ವಿಂಟೇಜ್’ ಎಂದು ನೋಂದಣಿಯಾಗಲು ಕಾರು 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್‌ಗೆ ದೊಡ್ಡ ಬದಲಾವಣೆ ಆಗಿರಬಾರದು. ಆದ್ದರಿಂದ ಹಾಕಿದ್ದೆಲ್ಲವನ್ನೂ ಬೋಲ್ಟ್ ಬಿಚ್ಚಿ ತೆಗೆಯುವಂತಿರಬೇಕು. ಬೆಸುಗೆ ಬೇಡ, ಬಾಡಿಗೆ ಹೊಸ ತೂತು ಆದಷ್ಟೂ ಬೇಡ.

ಡೈನಮೋದಿಂದ ಯಾಕೆ ಆಗದು

ಲೆಕ್ಕ ಹಾಕಿ ನೋಡೋಣ. ಎಸಿ ಬ್ಲೋವರ್ ಜೋರಾಗಿ ತಿರುಗುವಾಗ 12 ಆಂಪಿಯರ್, ಕಂಡೆನ್ಸರ್ ಫ್ಯಾನ್ 10ರಿಂದ 12, ಕಂಪ್ರೆಸರ್ ಕ್ಲಚ್ 4. ಒಟ್ಟು ಸುಮಾರು 28 ಆಂಪಿಯರ್, 13.5 ವೋಲ್ಟಿಗೆ 370 ವಾಟ್ ಚಿಲ್ಲರೆ. ಇದನ್ನು 6ರಿಂದ 12ಕ್ಕೆ ಏರಿಸುವ ಕನ್ವರ್ಟರ್ ಮೂಲಕ ಎಳೆದರೆ, ಅದರ ನಷ್ಟವೂ ಸೇರಿ 6 ವೋಲ್ಟ್ ಕಡೆಯಿಂದ 65 ಆಂಪಿಯರಿಗಿಂತ ಹೆಚ್ಚು ಬೇಕು. ಕಾರಿನ ಡೈನಮೋ ಹೊಸದರಲ್ಲೇ ಕೊಡುತ್ತಿದ್ದುದು 35ರಿಂದ 45. ಹೆಡ್‌ಲೈಟ್ ಹಾಕಿದರೆ ಅದರಲ್ಲಿ ಅರ್ಧದಷ್ಟು ಅಲ್ಲೇ ಮುಗಿಯುತ್ತದೆ. ಸಿಗ್ನಲ್‌ನಲ್ಲಿ ನಿಂತಾಗಲಂತೂ ಡೈನಮೋ ಕೊಡುವುದು ಸೊನ್ನೆ. ಹಾಗಾಗಿ ಕನ್ವರ್ಟರ್ ಮಾರುವವರ ಮಾತು ಕೇಳಬೇಡಿ. ಮೊಬೈಲ್ ಚಾರ್ಜ್ ಮಾಡಲು ಅದು ಸಾಕು, ಎಸಿಗಲ್ಲ.

12 ವೋಲ್ಟ್ ಇದ್ದ ಮಾತ್ರಕ್ಕೆ ಪಾರಾದೆವು ಎಂದೂ ಅಲ್ಲ. ಲ್ಯೂಕಸ್ ಸಿ40 ಡೈನಮೋ ಇರುವ ಹಳೆಯ ಕಾರಿನಲ್ಲಿ ಸಿಗುವುದು 22 ಆಂಪಿಯರ್ ಅಷ್ಟೇ. ಅಲ್ಲೂ ಆಲ್ಟರ್ನೇಟರ್ ಬೇಕೇ ಬೇಕು.

ಮೊದಲು ನೀರು, ಆಮೇಲೆ ಗ್ಯಾಸು

ಎಸಿ ಹಾಕಿದ ಹಳೆಯ ಕಾರುಗಳು ರಸ್ತೆ ಬದಿಯಲ್ಲಿ ಬಾನೆಟ್ ಎತ್ತಿಕೊಂಡು ನಿಲ್ಲುವುದು ಹೆಚ್ಚಾಗಿ ಕರೆಂಟಿನ ದೋಷದಿಂದಲ್ಲ, ಬಿಸಿಯಿಂದ. ಕಂಡೆನ್ಸರ್ ರೇಡಿಯೇಟರಿನ ಮುಂದೆ ಕೂತು ತನ್ನ ಬಿಸಿಯನ್ನೆಲ್ಲ ಅದಕ್ಕೆ ಊದುತ್ತದೆ. ಕಂಪ್ರೆಸರ್ ಎಂಜಿನ್‌ನಿಂದ 3ರಿಂದ 6 ಅಶ್ವಶಕ್ತಿ ಕಸಿಯುತ್ತದೆ.

ಈ ಎಂಜಿನ್‌ಗಳಲ್ಲಿ ಒಂದು ಗುಟ್ಟಿನ ಜಾಗವಿದೆ. ವಾಟರ್ ಪಂಪಿನ ಹಿಂದೆ, ಬ್ಲಾಕಿನ ಉದ್ದಕ್ಕೂ ಒಂದು ತೆಳು ತಗಡಿನ ಚಪ್ಪಟೆ ಕೊಳವೆ ಇರುತ್ತದೆ. ಪಂಪಿನಿಂದ ಬಂದ ತಣ್ಣೀರನ್ನು ಹಿಂದಿನ ಸಿಲಿಂಡರ್‌ಗಳ ವಾಲ್ವ್ ಸೀಟಿನ ತನಕ ಹಂಚುವುದು ಅದರ ಕೆಲಸ. ಎಪ್ಪತ್ತು ವರ್ಷದಲ್ಲಿ ಅದು ತುಕ್ಕು ಹಿಡಿದು ಉದುರಿರುತ್ತದೆ. ಆಗ ಮೀಟರಿನಲ್ಲಿ ಉಷ್ಣತೆ ಸರಿಯಾಗೇ ಕಾಣುತ್ತದೆ, ಐದು–ಆರನೇ ಸಿಲಿಂಡರಿನ ವಾಲ್ವ್ ಮಾತ್ರ ಸುಡುತ್ತಿರುತ್ತದೆ. ರೇಡಿಯೇಟರ್, ವಾಟರ್ ಪಂಪ್ ಬಿಚ್ಚಿ, ಕೊಕ್ಕೆ ಹಾಕಿ ಇದನ್ನು ಮುಂದಕ್ಕೆ ಎಳೆದು ತೆಗೆಯಬೇಕು. ಬಹಳ ಸಲ ತುಂಡು ತುಂಡಾಗಿ ಬರುತ್ತದೆ, ತಾಳ್ಮೆ ಬೇಕು. ಹೊಸ ಕೊಳವೆ ಸೇರಿಸುವ ಮೊದಲು ಬ್ಲಾಕಿನೊಳಗಿನ ಕೆಸರನ್ನು ಒತ್ತಡದ ನೀರಿನಿಂದ ತೊಳೆಯಿರಿ. ಕಂಡೆನ್ಸರ್ ಕೂತ ಮೇಲೆ ಈ ಕೆಲಸಕ್ಕೆ ಮತ್ತೆ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ, ಅದಕ್ಕೇ ಇದು ಮೊದಲು.

ರೇಡಿಯೇಟರನ್ನು ಸುಮ್ಮನೆ ಫ್ಲಶ್ ಮಾಡಿದರೆ ಸಾಲದು. ಮೇಲಿನ ಟ್ಯಾಂಕ್ ಬಿಚ್ಚಿ, ಕೊಳವೆಗಳೊಳಗಿನ ಕಿಟ್ಟವನ್ನು ಕಡ್ಡಿ ಹಾಕಿ ತೆಗೆಸಬೇಕು. ಕೋರ್ ತೀರಾ ಹಳತಾಗಿದ್ದರೆ ಅದೇ ಟ್ಯಾಂಕ್ ಉಳಿಸಿಕೊಂಡು ಹೊಸ ಕೋರ್ ಹಾಕಿಸಿ. ಫ್ಯಾನ್ ಸುತ್ತ ತಗಡಿನ ಕವಚ ಇಲ್ಲದಿದ್ದರೆ ಮಾಡಿಸಿ. ನೆನಪಿಡಿ: ಒತ್ತಡ ಹಿಡಿಯದ ಕ್ಯಾಪ್ ಇದ್ದರೆ ಬೆಂಗಳೂರಿನ ಎತ್ತರದಲ್ಲಿ ಬರೀ ನೀರು 97 ಡಿಗ್ರಿಗೇ ಕುದಿಯುತ್ತದೆ. ಕೂಲೆಂಟ್ ಅರ್ಧ, ನೀರು ಅರ್ಧ ಇಡಿ.

ಪುಲ್ಲಿ, ಬೆಲ್ಟ್, ಬ್ರಾಕೆಟ್

ಕ್ರ್ಯಾಂಕ್ ಪುಲ್ಲಿಗೆ ಬೆಲ್ಟ್ ಕೂರುವ ತೋಡು ಒಂದೇ ಇರುತ್ತದೆ. ಅದು ಫ್ಯಾನ್ ಮತ್ತು ಡೈನಮೋಗೆ. ಅದನ್ನು ಹಾಗೇ ಬಿಟ್ಟು, ಮುಂದೆ ಇನ್ನೊಂದು ಪುಲ್ಲಿಯನ್ನು ಲೇತ್‌ನಲ್ಲಿ ಮಾಡಿಸಿ ಬೋಲ್ಟ್ ಮಾಡಬೇಕು. 150 ಮಿಲಿಮೀಟರ್ ವ್ಯಾಸ, 13 ಮಿಲಿಮೀಟರ್ ಅಗಲದ ವಿ ಬೆಲ್ಟಿಗೆ ಸರಿಹೊಂದುವ ತೋಡು. ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸುವ ಜಾಗ ಮುಚ್ಚಬಾರದು. ಪುಲ್ಲಿಗೂ ಮುಂದಿನ ಅಡ್ಡಪಟ್ಟಿಗೂ ನಡುವೆ ಕನಿಷ್ಠ 15 ಮಿಲಿಮೀಟರ್ ಬಿಡಿ. ಈ ಎಂಜಿನ್‌ಗಳು ಮೆತ್ತನೆಯ ರಬ್ಬರಿನ ಮೇಲೆ ಕೂತಿರುತ್ತವೆ, ಸ್ಟಾರ್ಟ್ ಆಗುವಾಗ ಒಳ್ಳೆ ತೊಟ್ಟಿಲಿನ ಹಾಗೆ ತೂಗುತ್ತವೆ.

ಕಂಪ್ರೆಸರ್ ಸ್ಯಾಂಡೆನ್ 508 ಜಾತಿಯದ್ದು ಸಾಕು. ಒಂದು ಸುತ್ತಿಗೆ 138 ಸಿಸಿ. ಟ್ರ್ಯಾಕ್ಟರ್, ಜೆಸಿಬಿಗಳಿಗೂ ಇದೇ ಬರುವುದರಿಂದ ಬಿಡಿಭಾಗ ಎಲ್ಲ ಕಡೆ ಸಿಗುತ್ತವೆ. ಹೋಸ್ ಬಾಯಿ ಮೇಲಕ್ಕೆ ಇರಲಿ. ಎಡಕ್ಕೋ ಬಲಕ್ಕೋ ಪೂರ್ತಿ ಅಡ್ಡ ಆಗುವ ತನಕ ವಾಲಿಸಬಹುದು, ತಲೆಕೆಳಗು ಮಾಡಬಾರದು.

ಬ್ರಾಕೆಟ್ 8 ಮಿಲಿಮೀಟರ್ ಪ್ಲೇಟಿನದು, ಎಂಜಿನ್‌ಗೇ ಮೂರು ಕಡೆ ಬಿಗಿಯಬೇಕು. ಚಾಸಿಗೆ ಕಟ್ಟಿದರೆ ಎಂಜಿನ್ ತೂಗಿದಾಗಲೆಲ್ಲ ಬೆಲ್ಟ್ ಹಾರುತ್ತದೆ. ಹೆಡ್ ಬೋಲ್ಟಿಗೆ ಮಾತ್ರ ನೇತುಹಾಕುವ ಚಾಳಿಯೂ ಇದೆ; ಕಂಪನಕ್ಕೆ ಬೋಲ್ಟ್ ಸಡಿಲಾಗಿ ಗ್ಯಾಸ್ಕೆಟ್ ಸೋರುತ್ತದೆ. ಹೆಡ್ ಬೋಲ್ಟ್ ಬಳಸಲೇಬೇಕಾದರೆ ಕೆಳಗೆ ಬ್ಲಾಕಿಗೂ ಒಂದು ಆಧಾರ ಕೊಡಿ.

ಕ್ರ್ಯಾಂಕಿನ ಹೊಸ ತೋಡಿನಿಂದ ಹೊರಟ ಒಂದೇ ಬೆಲ್ಟ್ ಕಂಪ್ರೆಸರನ್ನೂ 12 ವೋಲ್ಟ್ ಆಲ್ಟರ್ನೇಟರನ್ನೂ ತಿರುಗಿಸಲಿ. ಆಲ್ಟರ್ನೇಟರ್ 55 ಅಥವಾ 65 ಆಂಪಿಯರಿನದು, ಪುಲ್ಲಿ 65 ಮಿಲಿಮೀಟರ್. ಆಗ ಎಂಜಿನ್ 650 ಸುತ್ತಿನಲ್ಲಿ ನಿಂತಿದ್ದರೂ ಆಲ್ಟರ್ನೇಟರ್ ಸುಮಾರು 1,500 ತಿರುಗುತ್ತದೆ, ಚಾರ್ಜ್ ಶುರುವಾಗುತ್ತದೆ. ಈ ಎಂಜಿನ್ ಮೂಲದಲ್ಲಿ 450–500 ಸುತ್ತಿನಲ್ಲಿ ಸದ್ದಿಲ್ಲದೆ ನಿಲ್ಲುವಂಥದ್ದು. ಆ ಸುತ್ತಿನಲ್ಲಿ ಎಸಿ ತಂಪಾಗುವುದಿಲ್ಲ, ಕಂಪ್ರೆಸರ್ ಕ್ಲಚ್ ಹಿಡಿದಾಗ ಎಂಜಿನ್ ಆಫ್ ಆದರೂ ಆಯಿತು. ಕಾರ್ಬುರೇಟರಿನ ಥ್ರಾಟಲ್ ತೋಳನ್ನು ತಳ್ಳುವ 12 ವೋಲ್ಟಿನ ಸೊಲೆನಾಯ್ಡ್ ಹಾಕಿ, ಅದನ್ನು ಕ್ಲಚ್ಚಿನ ವೈರಿಗೇ ಸೇರಿಸಿ. ಎಸಿ ಹಾಕಿದಾಗ 650–700, ತೆಗೆದಾಗ ಮತ್ತೆ ಹಳೆಯ ಸುತ್ತು.

ಮೂರು ಪುಲ್ಲಿಗಳೂ ಒಂದೇ ಗೆರೆಯಲ್ಲಿವೆಯೇ ಎಂದು ನೇರ ಪಟ್ಟಿ ಇಟ್ಟು ನೋಡಿ. ಒಂದೂವರೆ ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬೆಲ್ಟ್ ಕಿರುಚುತ್ತದೆ, ಅಂಚು ತಿಂದು ಕರಿ ಪುಡಿ ಉದುರಿಸುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ 10–12 ಮಿಲಿಮೀಟರ್ ತಗ್ಗಬೇಕು.

ಎರಡು ಕರೆಂಟ್, ಒಂದು ಚಾಸಿ

ಇಡೀ ಕೆಲಸದಲ್ಲಿ ತಲೆ ಓಡಿಸಬೇಕಾದ ಜಾಗ ಇದು. ಕಾರಿನ 6 ವೋಲ್ಟ್ ಬ್ಯಾಟರಿಯ ಪಾಸಿಟಿವ್ ಚಾಸಿಗೆ ಹೋಗಿದೆ. ಎಸಿಯ ಆಲ್ಟರ್ನೇಟರಿನ ಮೈ, ಕಂಪ್ರೆಸರ್ ಕ್ಲಚ್ಚಿನ ಅರ್ತ್ ಎರಡೂ ನೆಗೆಟಿವ್, ಅವೂ ಎಂಜಿನ್ ಮೂಲಕ ಚಾಸಿಗೇ ಸೇರುತ್ತವೆ. ಇದರಿಂದ ಶಾರ್ಟ್ ಆಗುವುದಿಲ್ಲವೇ? ಆಗುವುದಿಲ್ಲ. ಎರಡು ಬ್ಯಾಟರಿಗಳು ಒಂದೇ ಬಿಂದುವಿನಲ್ಲಿ ಕೂಡಿವೆ ಅಷ್ಟೆ. ಕರೆಂಟ್ ಹರಿಯಲು ಎರಡನೇ ದಾರಿ ಬೇಕು. ಆ ಎರಡನೇ ದಾರಿಯನ್ನು ನೀವು ಎಲ್ಲೂ ಕೊಡಬಾರದು. 6 ವೋಲ್ಟಿನ ಲೈವ್ ವೈರಿಗೂ 12 ವೋಲ್ಟಿನ ಲೈವ್ ವೈರಿಗೂ ನಡುವೆ ಇರುವುದು 18 ವೋಲ್ಟ್. ಎರಡೂ ಚಾರ್ಜ್ ಆಗುತ್ತಿರುವಾಗ 21ರ ಮೇಲೆ. ಒಂದಕ್ಕೊಂದು ತಗುಲಿದರೆ ವೈರಿಂಗ್ ಸುಟ್ಟುಹೋಗುತ್ತದೆ.

ಆದ್ದರಿಂದ 12 ವೋಲ್ಟಿನ ವೈರುಗಳೆಲ್ಲ ಒಂದೇ ಬಣ್ಣದವು ಇರಲಿ, ಕಿತ್ತಳೆ ಚೆನ್ನಾಗಿ ಎದ್ದು ಕಾಣುತ್ತದೆ. ಅವು ಸುಕ್ಕುಕೊಳವೆಯೊಳಗೆ, ಹಳೆಯ ಬಟ್ಟೆ ಸುತ್ತಿದ ವೈರುಗಳಿಂದ ದೂರವಾಗಿ, ಬೇರೆ ಬದಿಯಲ್ಲಿ ಹೋಗಲಿ. ಕಾರಿನ ಅಮೀಟರ್ ಮೂಲಕ 12 ವೋಲ್ಟ್ ಹಾಯಿಸಬೇಡಿ. ಡ್ಯಾಷ್‌ಬೋರ್ಡ್ ಕೆಳಗೆ ಸಣ್ಣದೊಂದು ವೋಲ್ಟ್ ಮೀಟರ್ ಪ್ರತ್ಯೇಕವಾಗಿ ಇಡಿ.

ಬ್ಯಾಟರಿ 35 ಆಂಪಿಯರ್-ಅವರ್ ಸಾಮರ್ಥ್ಯದ್ದು, ಮಾರುತಿ 800ಕ್ಕೆ ಹಾಕುವ ಅಳತೆ. ಇದು ಸೆಲ್ಫ್ ಹೊಡೆಯಬೇಕಾಗಿಲ್ಲ, ಆಲ್ಟರ್ನೇಟರಿಗೆ ಜೊತೆ ಕೊಟ್ಟರೆ ಸಾಕು. ಡಿಕ್ಕಿಯಲ್ಲಿ ಸ್ಪೇರ್ ಚಕ್ರದ ಪಕ್ಕ ಕ್ಲಾಂಪ್ ಹಾಕಿ ಕೂರಿಸಿ. ಅಲ್ಲಿಂದ ಮುಂದಕ್ಕೆ 16 ಚದರ ಮಿಲಿಮೀಟರಿನ ತಾಮ್ರದ ಕೇಬಲ್, ಬ್ಯಾಟರಿಯಿಂದ ಒಂದು ಗೇಣಿನೊಳಗೆ 80 ಆಂಪಿಯರ್ ಫ್ಯೂಸ್. ಫ್ಯೂಸ್ ಮುಂದೆ ಬಾನೆಟ್ ಕೆಳಗೆ ಹಾಕಿದರೆ ಪ್ರಯೋಜನವಿಲ್ಲ. ನಾಲ್ಕು ಮೀಟರ್ ಕೇಬಲ್ ಎಲ್ಲಾದರೂ ಉಜ್ಜಿ ಚಾಸಿಗೆ ತಾಗಿದರೆ ಅದನ್ನು ತಡೆಯುವವರೇ ಇರುವುದಿಲ್ಲ. ಅರ್ತಿಗೂ ಅಷ್ಟೇ ದಪ್ಪದ ಕೇಬಲ್ ಎಳೆದು ಆಲ್ಟರ್ನೇಟರಿನ ಮೈಗೆ ಬಿಗಿಯಿರಿ. ಎಪ್ಪತ್ತು ವರ್ಷದ ತುಕ್ಕಿನ ಚಾಸಿಯನ್ನು ನಂಬಬೇಡಿ.

ಕೀ ತಿರುಗಿಸಿದಾಗ ಎಸಿಗೆ ಕರೆಂಟ್ ಬರಬೇಕು, ಆದರೆ ಕೀ ಇರುವುದು 6 ವೋಲ್ಟಿನಲ್ಲಿ. ಇಲ್ಲಿ 6 ವೋಲ್ಟ್ ಕಾಯಿಲಿನ ರಿಲೇ ಬೇಕು. ಕಾಯಿಲ್ ಕೀಯಿಂದ ಕೆಲಸ ಮಾಡುತ್ತದೆ, ಕಾಂಟ್ಯಾಕ್ಟ್ 12 ವೋಲ್ಟನ್ನು ಬಿಡುತ್ತದೆ. ರಿಲೇಯೊಳಗೆ ಇವೆರಡಕ್ಕೂ ಸಂಬಂಧವಿಲ್ಲ. 12 ವೋಲ್ಟಿನ ಮಾಮೂಲಿ ರಿಲೇಯನ್ನು 6ರಲ್ಲಿ ಓಡಿಸಿದರೆ ಒಮ್ಮೆ ಹಿಡಿಯುತ್ತದೆ, ಒಮ್ಮೆ ಬರೀ ನಡುಗುತ್ತದೆ, ಕಾಂಟ್ಯಾಕ್ಟ್ ಸುಡುತ್ತದೆ.

ರಿಲೇ ಕೊಳ್ಳುವಾಗ ಅದರ ಮೈಮೇಲಿನ ಚಿತ್ರ ನೋಡಿ. ಕಾಯಿಲಿನ ಎರಡು ಕಾಲುಗಳಾದ 85 ಮತ್ತು 86ರ ನಡುವೆ ಬಾಣದಂಥ ಗುರುತು ಇದ್ದರೆ ಒಳಗೆ ಡಯೋಡ್ ಇದೆ ಎಂದರ್ಥ. ಅಂಥದ್ದರಲ್ಲಿ ಸಾಮಾನ್ಯವಾಗಿ 86 ಪಾಸಿಟಿವ್. ಅಭ್ಯಾಸಬಲದಿಂದ 86ನ್ನು ಕೀಗೂ 85ನ್ನು ಬಾಡಿಗೂ ಕೊಟ್ಟಿರೋ, ಪಾಸಿಟಿವ್ ಅರ್ತ್ ಕಾರಿನಲ್ಲಿ ಅದು ಉಲ್ಟಾ ಆಗುತ್ತದೆ. ಕೀ ತಿರುಗಿಸಿದ ಕ್ಷಣ ಡಯೋಡ್ ಮೂಲಕ ನೇರ ಶಾರ್ಟ್, ಇಗ್ನಿಷನ್ ವೈರಿನಿಂದ ಹೊಗೆ. ಆ ಕಾರುಗಳಲ್ಲಿ ಇಗ್ನಿಷನ್ ವೈರಿಗೆ ಫ್ಯೂಸೂ ಇರುವುದಿಲ್ಲ. 86 ಬಾಡಿಗೆ, 85 ಕೀಗೆ. ಡಯೋಡ್ ಇಲ್ಲದ ರಿಲೇ ಸಿಕ್ಕರೆ ಈ ತಲೆನೋವೇ ಇಲ್ಲ.

ಈ ರಿಲೇ ಬಿಟ್ಟ 12 ವೋಲ್ಟಿನಿಂದ ಆಲ್ಟರ್ನೇಟರಿನ ಚಾರ್ಜ್ ದೀಪದ ವೈರು, ಎಸಿ ಸ್ವಿಚ್, ಮತ್ತೆರಡು 12 ವೋಲ್ಟಿನ ರಿಲೇಗಳ ಕಾಯಿಲ್ ನಡೆಯಲಿ. ಬ್ಲೋವರಿಗೆ 25 ಆಂಪಿಯರ್ ಫ್ಯೂಸ್, ಕಂಡೆನ್ಸರ್ ಫ್ಯಾನಿಗೆ 25, ಕ್ಲಚ್ ಮತ್ತು ಸೊಲೆನಾಯ್ಡಿಗೆ 10. ಕ್ಲಚ್ಚಿನ ವೈರು ಕ್ರಮವಾಗಿ ಮೂರು ಬಾಗಿಲು ದಾಟಿ ಹೋಗಬೇಕು: ಕೂಲಿಂಗ್ ಕಾಯಿಲಿನ ಥರ್ಮೋಸ್ಟಾಟ್, ಗ್ಯಾಸಿನ ತೇವ ಹೀರುವ ಡ್ರೈಯರ್ ಮೇಲಿನ ಪ್ರೆಷರ್ ಸ್ವಿಚ್, ಎಂಜಿನ್ ನೀರಿನ ಉಷ್ಣತೆ 95 ದಾಟಿದರೆ ಕಡಿಯುವ ಸ್ವಿಚ್. ಕೊನೆಯದನ್ನು ಹೆಚ್ಚಿನವರು ಬಿಡುತ್ತಾರೆ. ಘಟ್ಟ ಹತ್ತುವಾಗ ಎಂಜಿನ್ ಉಳಿಸುವುದು ಅದೇ.

ಕಂಡೆನ್ಸರ್, ಹೋಸ್, ಕೂಲಿಂಗ್ ಕಾಯಿಲ್

ಕಂಡೆನ್ಸರ್ ಪ್ಯಾರಲಲ್ ಫ್ಲೋ ಜಾತಿಯದ್ದು, ರೇಡಿಯೇಟರ್ ಮುಂದೆ ಹಿಡಿಸುವಷ್ಟು ದೊಡ್ಡದು. ರೇಡಿಯೇಟರಿನಿಂದ 6ರಿಂದ 12 ಮಿಲಿಮೀಟರ್ ದೂರ; ಸುತ್ತಲಿನ ಸಂದನ್ನು ಫೋಮ್ ಪಟ್ಟಿಯಿಂದ ಮುಚ್ಚಿ, ಇಲ್ಲದಿದ್ದರೆ ಗಾಳಿ ಪಕ್ಕದಿಂದ ಜಾರಿಕೊಳ್ಳುತ್ತದೆ. ಅದರ ಮುಂದೆ 12 ಇಂಚಿನ ಫ್ಯಾನ್. ಪಾಸಿಟಿವ್ ಅರ್ತ್ ಕಾರಿನಲ್ಲಿ ಕೆಲಸ ಮಾಡುತ್ತ ಕೈ ತಪ್ಪಿ ಇದರ ವೈರ್ ಉಲ್ಟಾ ಕೊಡುವುದು ಬಹಳ ಸುಲಭ. ಆಗ ಈ ಫ್ಯಾನ್ ಮುಂದಕ್ಕೆ ಊದುತ್ತದೆ, ಎಂಜಿನ್ ಫ್ಯಾನ್ ಹಿಂದಕ್ಕೆ ಎಳೆಯುತ್ತದೆ, ನಡುವೆ ಗಾಳಿಯೇ ಆಡುವುದಿಲ್ಲ. ಎಂಜಿನ್ ಆಫ್ ಇರುವಾಗ ಫ್ಯಾನ್ ಹಾಕಿ, ಗ್ರಿಲ್ಲಿಗೆ ಒಂದು ಕಾಗದ ಹಿಡಿದು ನೋಡಿ: ಅಂಟಿಕೊಂಡರೆ ಸರಿ, ಹಾರಿದರೆ ವೈರ್ ಬದಲಿಸಿ.

ಹೋಸ್ ಆರ್134ಎ ಗ್ಯಾಸಿಗೆ ತಕ್ಕ ಬ್ಯಾರಿಯರ್ ಜಾತಿಯದ್ದೇ ಆಗಬೇಕು. ಕಂಪ್ರೆಸರಿನಿಂದ ಕಂಡೆನ್ಸರಿನ ಮೇಲ್ಬಾಯಿಗೆ 8ನೇ ನಂಬರ್, ಕೆಳಬಾಯಿಯಿಂದ ಡ್ರೈಯರ್ ಮೂಲಕ ಎಕ್ಸ್‌ಪಾನ್ಷನ್ ವಾಲ್ವಿಗೆ 6ನೇ ನಂಬರ್, ಕೂಲಿಂಗ್ ಕಾಯಿಲಿನಿಂದ ವಾಪಸ್ ಕಂಪ್ರೆಸರಿಗೆ 10ನೇ ನಂಬರ್. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಹತ್ತಿರ ಯಾವುದೂ ಸುಳಿಯಬಾರದು. ಎಂಜಿನ್‌ಗೂ ಕಾರಿನ ಒಳಭಾಗಕ್ಕೂ ನಡುವಿನ ಬೆಂಕಿಗೋಡೆಯಲ್ಲಿ ಹೀಟರಿಗೆಂದು ಬಿಟ್ಟ ತೂತುಗಳು ಇದ್ದರೆ ಹೋಸ್ ಅಲ್ಲೇ ದಾಟಲಿ. ಓ ರಿಂಗಿಗೆ ಕಂಪ್ರೆಸರ್ ಎಣ್ಣೆ ಹಚ್ಚಿ, ಎರಡು ಸ್ಪ್ಯಾನರ್ ಹಿಡಿದು ಬಿಗಿಯಿರಿ. ಒಂದರಲ್ಲೇ ತಿರುಗಿಸಿದರೆ ಅಲ್ಯುಮಿನಿಯಂ ಕೊಳವೆ ತಿರುಚಿಕೊಳ್ಳುತ್ತದೆ.

ಡ್ರೈಯರಿನ ಮುಚ್ಚಳ ತೆಗೆಯುವುದು ಎಲ್ಲಕ್ಕಿಂತ ಕೊನೆಗೆ, ವ್ಯಾಕ್ಯೂಮ್ ಹಾಕುವ ದಿನವೇ. ಮಂಗಳೂರಿನ ಮಳೆಗಾಲದಲ್ಲಿ ತೆರೆದಿಟ್ಟ ಡ್ರೈಯರ್ ಒಂದೆರಡು ಗಂಟೆಯಲ್ಲೇ ತೇವ ಕುಡಿದು ಕೆಡುತ್ತದೆ.

ಡ್ಯಾಷ್‌ಬೋರ್ಡ್ ಕೆಳಗೆ ನೇತುಹಾಕುವ ಕೂಲಿಂಗ್ ಯೂನಿಟ್ ಸಾಕು. ಮೂಲ ಡ್ಯಾಷ್ ಕೊರೆಯಬೇಡಿ. ನೀರು ಹೊರಹೋಗುವ ಕೊಳವೆ ಇಳಿಜಾರಾಗಿರಲಿ. ಒಂದು ಕಡೆ ಡೊಂಕಾಗಿ ಮೇಲೆದ್ದರೂ ನೀರು ಕಾರ್ಪೆಟ್ಟಿಗೆ ಬರುತ್ತದೆ, ತಗಡು ತುಕ್ಕು ಹಿಡಿಯುತ್ತದೆ. ಅರ್ಧ ಗಂಟೆ ಓಡಿಸಿದ ಮೇಲೆ ಗಾಳಿ ಕಡಿಮೆಯಾಗುತ್ತ ಬಂದರೆ ಕಾಯಿಲ್ ಮೇಲೆ ಹಿಮ ಕಟ್ಟಿದೆ. ಥರ್ಮೋಸ್ಟಾಟಿನ ತಂತಿಯನ್ನು ಕಾಯಿಲಿನ ರೆಕ್ಕೆಗಳ ನಡುವೆ ಇನ್ನಷ್ಟು ಒಳಗೆ ತಳ್ಳಿ.

ಯೂನಿಟ್ ಎಷ್ಟೇ ದೊಡ್ಡದಿರಲಿ, ತಗಡಿನ ಸೂರು ಕಾದರೆ ಸೋಲುತ್ತದೆ. ಒಳಗಿನ ಸೂರುಬಟ್ಟೆ ಇಳಿಸುವ ಸಂದರ್ಭ ಬಂದರೆ ಅದರ ಮೇಲೆ, ನೆಲಕ್ಕೆ ಮತ್ತು ಬೆಂಕಿಗೋಡೆಯ ಒಳಬದಿಗೆ ಮುಚ್ಚಿದ ರಂಧ್ರಗಳ ಫೋಮ್ ಹಾಳೆ ಹಾಕಿಸಿ. ವಿಂಡ್‌ಷೀಲ್ಡಿನ ಮುಂದೆ ತೆರೆಯುವ ಗಾಳಿಮುಚ್ಚಳದ ರಬ್ಬರ್, ಪೆಡಲ್ ದಾಟುವ ತೂತುಗಳು – ಬಿಸಿಗಾಳಿ ನುಗ್ಗುವುದು ಇಲ್ಲಿಂದಲೇ.

ಗ್ಯಾಸ್ ತುಂಬುವುದು

ಮೊದಲು ನೈಟ್ರೋಜನ್ 150 ಪಿಎಸ್‌ಐ ತುಂಬಿ ಪ್ರತಿ ಕೂಡಿಗೂ ಸೋಪಿನ ನೀರು ಹಚ್ಚಿ. ಪಂಕ್ಚರ್ ಅಂಗಡಿಯ ಗಾಳಿ ಬೇಡ, ಅದರಲ್ಲಿ ತೇವ ಇರುತ್ತದೆ. ಆಕ್ಸಿಜನ್ ಅಂತೂ ಬೇಡವೇ ಬೇಡ. ಎಣ್ಣೆಯ ಜೊತೆ ಸೇರಿ ಸ್ಫೋಟಿಸುತ್ತದೆ.

ವ್ಯಾಕ್ಯೂಮ್ ಪಂಪ್ 45 ನಿಮಿಷ ಓಡಲಿ. ಗೇಜಿನಲ್ಲಿ 30 ಇಂಚು ಬರಬೇಕು ಎಂದು ಪುಸ್ತಕಗಳಲ್ಲಿ ಇರುತ್ತದೆ. ಅದು ಕಡಲ ಮಟ್ಟದ ಲೆಕ್ಕ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಪೂರ್ತಿ ವ್ಯಾಕ್ಯೂಮ್ ಆದರೂ ಮುಳ್ಳು 27ರ ಹತ್ತಿರ ನಿಲ್ಲುತ್ತದೆ. ಅದನ್ನು ಲೀಕ್ ಎಂದುಕೊಂಡು ಕೂಡಿಗಳನ್ನೆಲ್ಲ ಬಿಚ್ಚಿ ಬಿಗಿಯುತ್ತ ಕೂರಬೇಡಿ. ಪಂಪ್ ನಿಲ್ಲಿಸಿ ಅರ್ಧ ಗಂಟೆ ಕಾಯಿರಿ. ಮುಳ್ಳು ಕದಲದಿದ್ದರೆ ಗಟ್ಟಿ.

ಎಣ್ಣೆ: ಹೊಸ ಕಂಪ್ರೆಸರಿನಲ್ಲಿ ತುಂಬಿಯೇ ಬಂದಿರುತ್ತದೆ, ಚೀಟಿ ನೋಡಿ. ಒಣಗಿದ ಹೊಸ ಭಾಗಗಳಿಗೆ ಎಂದು ಕಂಡೆನ್ಸರಿಗೆ 30 ಮಿಲಿಲೀಟರ್, ಕೂಲಿಂಗ್ ಕಾಯಿಲಿಗೆ 45, ಡ್ರೈಯರಿಗೆ 15 ಅದೇ ಜಾತಿಯ ಪಿಎಜಿ ಎಣ್ಣೆ ಸೇರಿಸಿದರೆ ಸಾಕು. ಹೆಚ್ಚಾದರೆ ತಂಪು ಕಡಿಮೆ.

ಕಂಪ್ರೆಸರಿನ ಮುಂಭಾಗವನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿ, ಒಳಗೆ ನಿಂತ ಎಣ್ಣೆ ಸರಿಯಲಿ. ಬಾಗಿಲು ತೆರೆದು, ಬ್ಲೋವರ್ ಜೋರು ಮಾಡಿ, ಎಂಜಿನ್ 1,200–1,500ರಲ್ಲಿಟ್ಟು, ಡಬ್ಬಿಯನ್ನು ನೆಟ್ಟಗೆ ಹಿಡಿದು ಲೋ (ಕಡಿಮೆ ಒತ್ತಡದ) ಬದಿಯಿಂದ ಗ್ಯಾಸ್ ಬಿಡಿ. ಈ ಅಳತೆಯ ವ್ಯವಸ್ಥೆಗೆ 700 ಗ್ರಾಮಿನಷ್ಟು ಹಿಡಿಯುತ್ತದೆ. 550 ಆದ ಮೇಲೆ 50 ಗ್ರಾಂ ಲೆಕ್ಕದಲ್ಲಿ ತೂಕ ನೋಡುತ್ತ ಹೋಗಿ. ಹೊರಗೆ 35 ಡಿಗ್ರಿ ಇದ್ದರೆ ಲೋ 30–45 ಪಿಎಸ್‌ಐ, ಹೈ 210–250. ಹೈ 300ರತ್ತ ಏರಿದರೆ ಮೊದಲು ಒಂದು ಬಕೆಟ್ ನೀರನ್ನು ಕಂಡೆನ್ಸರಿಗೆ ಎರಚಿ ನೋಡಿ. ಒತ್ತಡ ತಟ್ಟನೆ ಇಳಿದು ತಂಪು ಹೆಚ್ಚಿದರೆ ಕೊರತೆ ಗಾಳಿಯದ್ದು: ಫ್ಯಾನ್, ಸಂದು, ಕವಚ ನೋಡಿ. ನೀರು ಎರಚಿದರೂ ಇಳಿಯದಿದ್ದರೆ ಗ್ಯಾಸ್ ಹೆಚ್ಚಾಗಿದೆ ಅಥವಾ ಒಳಗೆ ಗಾಳಿ ಉಳಿದಿದೆ. ಎರಡೂ ಬದಿ ಕಡಿಮೆ ಇದ್ದರೆ ಗ್ಯಾಸ್ ಸಾಲದು.

ಅಗ್ಗಕ್ಕೆ ಸಿಗುತ್ತದೆಂದು ಎಲ್‌ಪಿಜಿ ಬೆರಸಿದ ಗ್ಯಾಸ್ ತುಂಬುವವರಿದ್ದಾರೆ. ತಂಪೇನೋ ಚೆನ್ನಾಗಿಯೇ ಬರುತ್ತದೆ. ಆದರೆ ಕೂಲಿಂಗ್ ಕಾಯಿಲ್ ಕಾರಿನೊಳಗೇ ಇದೆ, ಅದು ಸೋರಿದರೆ ಗ್ಯಾಸ್ ತುಂಬಿಕೊಳ್ಳುವುದು ನಿಮ್ಮ ಕಾಲ ಬುಡದಲ್ಲಿ.

ಹಾಕಿದ ಮೇಲೆ

1940ರಲ್ಲಿ ಪ್ಯಾಕರ್ಡ್ ಕಂಪನಿ ಕಾರ್ಖಾನೆಯಿಂದಲೇ ಎಸಿ ಹಾಕಿ ಮಾರಿದಾಗ ಅದಕ್ಕೆ ಕ್ಲಚ್ಚೇ ಇರಲಿಲ್ಲ. ಎಸಿ ಬೇಡವೆಂದರೆ ಇಳಿದು ಬೆಲ್ಟ್ ಬಿಚ್ಚಬೇಕಿತ್ತು. ನಿಮ್ಮದಕ್ಕೆ ಸ್ವಿಚ್ ಇದೆ, ಬಳಸಿ: ಸೆಲ್ಫ್ ಹೊಡೆಯುವಾಗ ಆಫ್, ಉದ್ದನೆಯ ಏರಿನಲ್ಲಿ ಆಫ್. ಕಾರು ಷೆಡ್ಡಿನಲ್ಲೇ ಇದ್ದರೂ ತಿಂಗಳಿಗೊಮ್ಮೆ ಹತ್ತು ನಿಮಿಷ ಎಸಿ ಓಡಿಸಿ, ಇಲ್ಲದಿದ್ದರೆ ಕಂಪ್ರೆಸರಿನ ಮುಂಭಾಗದ ಸೀಲ್ ಒಣಗಿ ಗ್ಯಾಸ್ ಅಲ್ಲಿಂದಲೇ ಹೋಗುತ್ತದೆ. ಮೊದಲ 200 ಕಿಲೋಮೀಟರ್ ಆದ ಮೇಲೆ ಬೆಲ್ಟ್, ಬ್ರಾಕೆಟ್ ಬೋಲ್ಟ್ ಮತ್ತೆ ಬಿಗಿಯಿರಿ.

ಡಿಕ್ಕಿಯ ಬ್ಯಾಟರಿ ಮೇಲೆ ‘12 ವೋಲ್ಟ್, ನೆಗೆಟಿವ್ ಅರ್ತ್’ ಎಂದೂ, ಕಾರಿನ ಬ್ಯಾಟರಿ ಮೇಲೆ ‘6 ವೋಲ್ಟ್, ಪಾಸಿಟಿವ್ ಅರ್ತ್’ ಎಂದೂ ದಪ್ಪಕ್ಷರದಲ್ಲಿ ಬರೆದು ಅಂಟಿಸಿ. ನೀವಿಲ್ಲದಾಗ ಕಾರು ಸ್ಟಾರ್ಟ್ ಆಗಲಿಲ್ಲವೆಂದು ಯಾರೋ ಡಿಕ್ಕಿಯಿಂದ ಜಂಪರ್ ಕೇಬಲ್ ಎಳೆಯುವ ಮೊದಲು ಆ ಚೀಟಿ ಅವರ ಕಣ್ಣಿಗೆ ಬೀಳಬೇಕು.